ಟ್ರೇಲರ್ ಶೆಡ್ಡಿನಲ್ಲಿ ಒಂದು ಮಧ್ಯಾಹ್ನ

ನೀವು ಬಸ್ಸಿನಲ್ಲೋ ಸ್ಕೂಟರಿನಲ್ಲೋ ಹೋಗುತ್ತಿರುವಾಗ ಮುಂದೆ ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರೊಂದು ತೆವಳುತ್ತಿದ್ದರೆ ಏನು ಮಾಡುತ್ತೀರಿ? ಹೆಚ್ಚಿನವರು ಗೊಣಗುತ್ತಾರೆ. ಕೆಲವರು ಹಾರ್ನ್ ಬಾರಿಸುತ್ತಾರೆ. ನಾನು ಕಣ್ಣು ಮುಚ್ಚಿಕೊಳ್ಳುತ್ತಿದ್ದೆ. ಪಕ್ಕದಲ್ಲಿ ಕುಳಿತವರು 'ತಲೆ ಸುತ್ತುತ್ತಿದೆಯಾ?' ಎಂದು ಕೇಳಿದರೆ ಹೌದೆನ್ನುತ್ತಿದ್ದೆ. ನಿಜವಾದ ಕಾರಣ ಹೇಳಲು ಹೋದರೆ ಅದು ಉದ್ದದ ಕಥೆ.

ಕಥೆ ಇಷ್ಟೆ. 2014ರ ಜನವರಿಯ ಒಂದು ರಾತ್ರಿ ನನ್ನ ತಮ್ಮ ನಂಜನಗೂಡಿನಿಂದ ಬೈಕಿನಲ್ಲಿ ಗುಂಡ್ಲುಪೇಟೆ ಕಡೆಗೆ ಬರುತ್ತಿದ್ದ. ಬೇಗೂರಿನಿಂದ ಈಚೆಗೆ ಕಬ್ಬು ತುಂಬಿದ ಟ್ರೇಲರೊಂದು ಚಕ್ರ ಪಂಕ್ಚರಾಗಿ ರಸ್ತೆಯಲ್ಲೇ ನಿಂತಿತ್ತು. ಹಿಂದೆ ದೀಪವಿಲ್ಲ, ಕೆಂಪು ಬಿಲ್ಲೆಯೂ ಇಲ್ಲ. ಚಕ್ರಕ್ಕೆ ಅಡ್ಡ ಎರಡು ಕಲ್ಲು ಇಟ್ಟು ಚಾಲಕ ಜಾಕ್ ತರಲು ಹೋಗಿದ್ದನಂತೆ. ಎದುರಿನಿಂದ ಬಂದ ಬಸ್ಸಿನ ಬೆಳಕು ಕಣ್ಣಿಗೆ ಹೊಡೆದಿದೆ. "ಕಬ್ಬು ಕಾಣಲೇ ಇಲ್ಲ ಆಪಾ. ಕತ್ತಲೆ ಅಲ್ಲೊಂದು ಕಡೆ ಇನ್ನೂ ಸ್ವಲ್ಪ ಕಪ್ಪಾಗಿತ್ತು, ಅಷ್ಟೆ" ಎಂದು ಆತ ಆಮೇಲೆ ಆಸ್ಪತ್ರೆಯಲ್ಲಿ ಹೇಳಿದ. ಜೀವ ಉಳಿಯಿತು. ಬಲಗಾಲನ್ನು ಮೊಣಕಾಲಿನ ಕೆಳಗೆ ತೆಗೆದರು.

ಕಳೆದ ಜೂನಿನಲ್ಲಿ ಅದೇ ತಮ್ಮನ ಮಗ ನನಗೆ ಫೋನು ಮಾಡಿದ. ತೆರಕಣಾಂಬಿಯ ಹತ್ತಿರ ಅವರಿಗೆ ನಾಲ್ಕು ಎಕರೆ ಜಮೀನಿದೆ. ಅರಿಸಿನ, ಬಾಳೆ, ಮಳೆಗಾಲದಲ್ಲಿ ಚೆಂಡು ಹೂ. ಹಳೆಯ ಟ್ರ್ಯಾಕ್ಟರೊಂದನ್ನು ಹೇಗೋ ಕೊಂಡಿದ್ದಾರೆ. ಟ್ರೇಲರ್ ಮಾತ್ರ ಪ್ರತಿ ಸಲವೂ ಬಾಡಿಗೆಗೆ. ಬೆಳೆ ಬಂದಾಗ ಎಲ್ಲರ ಬೆಳೆಯೂ ಒಟ್ಟಿಗೇ ಬರುತ್ತದೆ, ಬಾಡಿಗೆ ಟ್ರೇಲರ್ ಸಿಗುವ ಹೊತ್ತಿಗೆ ಹೂ ಬಾಡಿರುತ್ತದೆ. "ಫುಫೂ, ಒಂದೂವರೆ ಲಕ್ಷ ಕೈಸಾಲ ಕೊಡಿ, ಎರಡು ಬೆಳೆಯಲ್ಲಿ ತೀರಿಸುತ್ತೇನೆ" ಎಂದ.

ನಾನು ಮೂವತ್ತೊಂದು ವರ್ಷ ಮಕ್ಕಳಿಗೆ ವಿಜ್ಞಾನ ಕಲಿಸಿ ನಿವೃತ್ತಳಾದವಳು. ಹಣ ಬ್ಯಾಂಕಿನಲ್ಲಿತ್ತು. ಆದರೆ ಬಾಯಿಂದ ಬಂದದ್ದು, "ಬೇರೆ ಏನು ಬೇಕಾದರೂ ಕೇಳು" ಎಂಬ ಮಾತು. ಫೋನು ಸ್ವಲ್ಪ ಹೊತ್ತು ಸುಮ್ಮನಿತ್ತು. ಆಮೇಲೆ ತಮ್ಮ ಮಾತನಾಡಿದ. "ಆಪಾ, ಒಂದು ಸಲ ಬಂದು ನೋಡಿ. ನೋಡಿದ ಮೇಲೆ ಬೇಡ ಎಂದರೆ ಬೇಡ."

ಹೀಗೆ ಜುಲೈಯ ಒಂದು ಬೆಳಿಗ್ಗೆ ಚಾಮರಾಜನಗರದಿಂದ ಗುಂಡ್ಲುಪೇಟೆಯ ಬಸ್ಸು ಹತ್ತಿದೆ. ಆ ತಿಂಗಳಲ್ಲಿ ನೀವು ನಮ್ಮ ಕಡೆ ಬರಬೇಕು. ರಸ್ತೆಯ ಎರಡೂ ಬದಿ ಚೆಂಡು ಹೂವಿನ ಹೊಲಗಳು, ಕಣ್ಣು ಕುಕ್ಕುವ ಹಳದಿ ಮತ್ತು ಕೇಸರಿ. ಓಣಂ ಹತ್ತಿರ ಬಂದಂತೆ ಗಡಿಯಾಚೆಯಿಂದ ಹೂವಿಗೂ ಫೋಟೋಗೂ ಜನ ಬರುತ್ತಾರೆ. ಫೋಟೋ ತೆಗೆಯಲು ಹೊಲಕ್ಕಿಳಿದವರಿಂದ ಕೆಲವು ರೈತರು ಇಷ್ಟಿಷ್ಟು ಹಣ ಪಡೆಯುವುದೂ ಉಂಟು. ಹೂವಿಗಿಂತ ಅದೇ ಮೇಲೆಂದು ನಗುವವರಿದ್ದಾರೆ!

ಶೆಡ್ಡು ಇದ್ದದ್ದು ಊಟಿ ರಸ್ತೆಯ ಬದಿಯಲ್ಲಿ. ಗುಂಡ್ಲುಪೇಟೆ ದಾಟಿದರೆ ದಾರಿ ಎರಡಾಗುತ್ತದೆ. ಒಂದು ಬಂಡೀಪುರದ ಮೇಲೆ ಊಟಿಗೆ, ಇನ್ನೊಂದು ವಯನಾಡಿನ ಮೇಲೆ ಕೋಝಿಕ್ಕೋಡಿಗೆ. 2009ರಿಂದ ಕಾಡಿನೊಳಗೆ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ಸಂಚಾರಕ್ಕೆ ನಿರ್ಬಂಧವಿದೆ. ಪ್ರಾಣಿಗಳಿಗೆ ಅದು ಒಳ್ಳೆಯದೇ. ಆದರೆ ಗೇಟು ಹಾಕುವ ಮುನ್ನ ಕಾಡು ದಾಟಬೇಕೆಂಬ ಅವಸರದಲ್ಲಿ ಸಂಜೆಯ ಹೊತ್ತು ವಾಹನಗಳು ಓಡುವ ಓಟವನ್ನು ನೀವು ನೋಡಬೇಕು. ಅದೇ ಹೊತ್ತಿನಲ್ಲಿ ಹೊಲದಿಂದ ಟ್ರ್ಯಾಕ್ಟರುಗಳೂ ರಸ್ತೆಗೆ ಏರುತ್ತವೆ.

ಶೆಡ್ಡೆಂದರೆ ತಗಡಿನ ಮಾಡು, ಮೂರು ಕಡೆ ಬಯಲು. ಮೇಸ್ತ್ರಿಗೆ ಅರವತ್ತರ ಆಸುಪಾಸು. ತಮ್ಮನನ್ನು ಕಂಡೊಡನೆ ಸ್ಟೂಲು ತಂದು ಹಾಕಿದರು. ನನ್ನನ್ನು ನೋಡಿ, "ಬನ್ನಿ ಅವ್ವಾ, ದುಡ್ಡು ಕೊಡೋರು ಮಾಲು ನೋಡ್ಲೇಬೇಕು. ಎಲ್ಲಾ ತೋರಿಸ್ತೀನಿ, ಒಂದೂ ಮುಚ್ಚಿಡಕ್ಕಿಲ್ಲ" ಎಂದರು.

ಕಾರ್ಖಾನೆ ನೋಡುವುದು ನನಗೆ ಹೊಸದಲ್ಲ. 2019ರಲ್ಲಿ ಮಗಳ ಮನೆಗೆಂದು ಅಮೆರಿಕಾಕ್ಕೆ ಹೋಗಿದ್ದಾಗ ಅಳಿಯಂದಿರು ಓಹಾಯೋ ರಾಜ್ಯದ ಜ್ಯಾಕ್ಸನ್ ಸೆಂಟರ್ ಎಂಬ ಸಣ್ಣ ಊರಿಗೆ ಕರೆದೊಯ್ದಿದ್ದರು. ಏರ್‌ಸ್ಟ್ರೀಮ್ ಎಂಬ ಕಂಪೆನಿ 1952ರಿಂದ ಅಲ್ಲಿ ಪ್ರವಾಸದ ಟ್ರೇಲರುಗಳನ್ನು ಮಾಡುತ್ತದೆ. ಒಳಗೆ ಅಡಿಗೆಮನೆ, ಮಂಚ, ಬಚ್ಚಲು ಎಲ್ಲ ಇರುವ, ಕಾರಿನ ಹಿಂದೆ ಕಟ್ಟಿಕೊಂಡು ಹೋಗುವ ಅಲ್ಯೂಮಿನಿಯಂ ಮನೆ. 1969ರಲ್ಲಿ ಚಂದ್ರನಿಂದ ಮರಳಿದ ಮೂವರು ಗಗನಯಾತ್ರಿಗಳನ್ನು, ಅಲ್ಲಿಂದ ರೋಗವೇನಾದರೂ ತಂದಿದ್ದಾರೋ ಎಂಬ ಭಯದಿಂದ, ಅಂಥದೇ ಒಂದು ಟ್ರೇಲರಿನಲ್ಲಿ ಪ್ರತ್ಯೇಕವಾಗಿ ಇಟ್ಟಿದ್ದರು. ಕಣ್ಣಿಗೆ ಕನ್ನಡಕ ಹಾಕಿಸಿ, ನೆಲದ ಗೆರೆ ದಾಟಬೇಡಿ ಎಂದು ಹೇಳಿ, ಒಬ್ಬ ಮಾರ್ಗದರ್ಶಿ ನಮ್ಮನ್ನು ಸುತ್ತಿಸಿದ. ಒಬ್ಬರು ಹೊರಗೆ, ಒಬ್ಬರು ಒಳಗೆ ನಿಂತು ರಿವೆಟ್ ಹೊಡೆಯುತ್ತಿದ್ದರು. ಒಬ್ಬರ ಮುಖ ಒಬ್ಬರಿಗೆ ಕಾಣದು, ಆದರೂ ಕೈ ತಪ್ಪದು. ಅಷ್ಟೆಲ್ಲ ನೋಡಿಯೂ ಆ ದಿನ ನಾನು ಅದನ್ನು ಟ್ರೇಲರ್ ಎಂದುಕೊಳ್ಳಲೇ ಇಲ್ಲ. ನನ್ನ ಮನಸ್ಸಿನಲ್ಲಿ ಆ ಹೆಸರಿಗೆ ಬೇರೆಯೇ ಒಂದು ಆಕಾರವಿತ್ತು.

ಗುಂಡ್ಲುಪೇಟೆಯ ಶೆಡ್ಡಿನಲ್ಲಿ ಕನ್ನಡಕವೂ ಇಲ್ಲ, ಗೆರೆಯೂ ಇಲ್ಲ. "ವೆಲ್ಡಿಂಗ್ ಕಿಡಿ ಕಡೆ ನೋಡ್ಬೇಡಿ ಅವ್ವಾ" ಎಂಬುದೊಂದೇ ಎಚ್ಚರಿಕೆ. ನೆಲದ ಮೇಲೆ ಎರಡು ಉದ್ದದ ಕಬ್ಬಿಣದ ಚಾನಲ್, ಮಧ್ಯೆ ಅಡ್ಡಪಟ್ಟಿಗಳು. ಅದು ಚಾಸಿ. ಅದರ ಕೆಳಗೆ ಅಚ್ಚು. ಅಚ್ಚಿಗೂ ಚಾಸಿಗೂ ನಡುವೆ ಒಂದರ ಮೇಲೊಂದು ಜೋಡಿಸಿದ ಕಮಾನು ಪಟ್ಟಿಗಳು. ಮುಂದೆ ಎರಡೂ ಕಡೆಯಿಂದ ಬಂದು ಮೂತಿಯ ಹಾಗೆ ಕೂಡುವ ಕಬ್ಬಿಣ, ಅದರ ತುದಿಗೆ ಟ್ರ್ಯಾಕ್ಟರಿಗೆ ಸಿಕ್ಕಿಸುವ ಬಳೆ.

"ಇದು ಮೂಕಿ" ಎಂದರು ಮೇಸ್ತ್ರಿ ಆ ಕಬ್ಬಿಣ ತೋರಿಸಿ. ನಾನು ನಕ್ಕುಬಿಟ್ಟೆ. ಎತ್ತಿನ ಗಾಡಿಯ ಮೂಕಿ! "ಮತ್ತಿನ್ನೇನ್ ಅನ್ನಾದು? ನಮ್ಮಪ್ಪ ಗಾಡಿ ಮಾಡ್ತಿದ್ದೋರು. ಗುಂಬ, ಅರೆಕಾಲು ಎಲ್ಲಾ ಅವರ ಕೈಯಲ್ಲೇ. ಬಳೆಯೊಳಗೆ ಹಾಕೋ ಪಿನ್ನಿಗೂ ನಾನು ಕಡಾಣಿ ಅಂತೀನಿ, ಹುಡುಗರು ನಗ್ತಾರೆ."

ನಾನು ಒಂದು ಪ್ರಶ್ನೆ ಕೇಳಿದೆ. ಅಚ್ಚು ನಟ್ಟನಡುವೆ ಇಲ್ಲವಲ್ಲ, ತುಸು ಹಿಂದಕ್ಕಿದೆ, ಯಾಕೆ? ಮೇಸ್ತ್ರಿಯ ಮುಖ ಅರಳಿತು. ಇಂಥ ಪ್ರಶ್ನೆ ಕೇಳಿದ ಗಿರಾಕಿ ಬಹಳ ದಿನಗಳಿಂದ ಬಂದಿರಲಿಲ್ಲವೆಂದು ಕಾಣುತ್ತದೆ. ಅಚ್ಚು ಮುಂದಿದ್ದರೆ ಹಿಂದೆ ಭಾರ ಬೀಳುತ್ತದೆ, ಮೂಕಿ ಮೇಲೇಳುತ್ತದೆ, ಟ್ರ್ಯಾಕ್ಟರಿನ ಹಿಂಚಕ್ರದ ಹಿಡಿತ ತಪ್ಪುತ್ತದೆ. ತೀರಾ ಹಿಂದೆ ಹೋದರೆ ಭಾರವೆಲ್ಲ ಟ್ರ್ಯಾಕ್ಟರಿನ ಕೊಂಡಿಯ ಮೇಲೆ ಬಿದ್ದು ಅದರ ಮೂತಿ ಮೇಲೇಳುತ್ತದೆ, ಸ್ಟೇರಿಂಗ್ ಮಾತು ಕೇಳುವುದಿಲ್ಲ. ಭಾರದ ಒಂದು ಸಣ್ಣ ಪಾಲು ಮಾತ್ರ ಮುಂದಕ್ಕೆ ಬೀಳಬೇಕು. ಎತ್ತಿನ ಗಾಡಿಯಲ್ಲೂ ಹಾಗೆಯೇ. ಹಿಂಭಾರವಾದರೆ ನೊಗ ಎದ್ದು ಎತ್ತಿನ ಕುತ್ತಿಗೆಯ ಕಣ್ಣಿ ಬಿಗಿಯುತ್ತದೆ, ಮುಂಭಾರವಾದರೆ ಹೆಗಲು ಹುಣ್ಣಾಗುತ್ತದೆ. ಓಹಾಯೋದ ಮಾರ್ಗದರ್ಶಿಯೂ ಸಾಮಾನನ್ನು ಹಿಂದೆ ತುಂಬಬಾರದೆಂದು ಹೇಳಿದ್ದು ನೆನಪಾಯಿತು. ಹಿಂದೆ ಭಾರವಾದರೆ ವೇಗದಲ್ಲಿ ಟ್ರೇಲರ್ ಹಾವಿನಂತೆ ಹೊಯ್ದಾಡುತ್ತದಂತೆ.

ನಮ್ಮ ದಾದಿಯ ಕಾಲದಲ್ಲಿ ಮನೆಯಲ್ಲಿ ಕಮಾನು ಗಾಡಿಯಿತ್ತು. ಬಿದಿರಿನ ಕಮಾನು, ಮೇಲೆ ಚಾಪೆ, ಒಳಗೆ ಹುಲ್ಲು ಹಾಸಿ ಅದರ ಮೇಲೆ ಜಮಖಾನ. ಮದುವೆಗೆ ಹೊರಟರೆ ಅಡಿಗೆಯ ಪಾತ್ರೆ, ಮಕ್ಕಳು, ನೀರಿನ ಬಿಂದಿಗೆ ಎಲ್ಲವೂ ಅದರೊಳಗೆ. ಆಗಿನ ಕಮಾನು ತಲೆಯ ಮೇಲಿತ್ತು, ಈಗಿನದು ಕೆಳಗೆ ಸೇರಿದೆ.

ಒಂದು ಗಂಟೆ ಹೋದದ್ದೇ ತಿಳಿಯಲಿಲ್ಲ. ಸಿದ್ಧವಾಗಿ ಬಣ್ಣ ಬಳಿದ ಟ್ರೇಲರೊಂದು ಶೆಡ್ಡಿನ ಕೊನೆಯಲ್ಲಿ ನಿಂತಿತ್ತು. ನಾನು ಅದರ ಹಿಂದೆ ಹೋಗಿ ನಿಂತೆ. ನೀಲಿ ಬಣ್ಣ, ಮಧ್ಯದಲ್ಲಿ ಬಿಳಿ ಹೂ, 'ಅಂತರ ಕಾಯ್ದುಕೊಳ್ಳಿ' ಎಂಬ ಬರಹ. ದೀಪವಿರಲಿಲ್ಲ. ಬಿಲ್ಲೆಯೂ ಇರಲಿಲ್ಲ.

"ಇದಕ್ಕೆ ರಿಫ್ಲೆಕ್ಟರ್ ಎಲ್ಲಿ?" ಎಂದೆ. ನನ್ನ ದನಿ ಏರಿತ್ತೆಂದು ನನಗೇ ಗೊತ್ತಾಯಿತು. ವೆಲ್ಡಿಂಗ್ ಹುಡುಗರು ಕೆಲಸ ನಿಲ್ಲಿಸಿ ನೋಡಿದರು.

"ಕೇಳಿದೋರಿಗೆ ಹಾಕ್ತೀವಿ ಅವ್ವಾ" ಎಂದರು ಮೇಸ್ತ್ರಿ.

1989ರ ಮೋಟಾರು ವಾಹನ ನಿಯಮಗಳಲ್ಲೇ ವಾಹನದ ಹಿಂದೆ ಕೆಂಪು ರಿಫ್ಲೆಕ್ಟರ್ ಇರಬೇಕೆಂದಿದೆಯಲ್ಲ, ಕೇಳುವುದೇನು ಬಂತು ಎಂದೆ. ಅವರು ತಪ್ಪಿಸಿಕೊಳ್ಳಲಿಲ್ಲ. ಟ್ರೇಲರಿಗೆ ಟ್ರ್ಯಾಕ್ಟರಿನ ನಂಬರು ಸಾಲದು, ಅದಕ್ಕೇ ಬೇರೆ ಕೆಎ-10 ನಂಬರು ಬೇಕು, ನೋಂದಣಿಗೆ ಹೋಗುವ ದಿನ ಎಲ್ಲರೂ ಅಂಟಿಸುತ್ತಾರೆ ಎಂದರು. ಆಮೇಲೆ? ಹೊಲದಲ್ಲಿ ಬಿಚ್ಚಿ ಕಟ್ಟುವಾಗ ವೈರು ಹರಿಯುತ್ತದೆ, ಕಬ್ಬು ಇಳಿಸುವಾಗ ಬಲ್ಬು ಒಡೆಯುತ್ತದೆ, ಬಿಲ್ಲೆಯ ಮೇಲೆ ಕೆಸರು ಕೂರುತ್ತದೆ. ಮತ್ತೆ ಹಾಕಿಸಲು ಯಾರೂ ಬರುವುದಿಲ್ಲ. ನಮ್ಮ ಕಡೆ ಟ್ರೇಲರಿಗೆ ಬ್ರೇಕ್ ಹಾಕಿಸುವವರೂ ಕಡಮೆಯೇ. ಹೂವಿನ ಚಿತ್ರಕ್ಕೆ ಕೊಡುವ ದುಡ್ಡಿನಲ್ಲಿ ನಾಲ್ಕು ಬಿಲ್ಲೆ ಬರುತ್ತವೆ, ಆದರೆ ಹೂ ಮಾತ್ರ ಎಲ್ಲರಿಗೂ ಬೇಕು. "ನಂದೂ ತಪ್ಪದ ಅವ್ವಾ" ಎಂದು ಅವರು ಮೆಲ್ಲನೆ ಹೇಳಿದಾಗ ನನ್ನ ಬಳಿ ಮುಂದಿನ ಮಾತಿರಲಿಲ್ಲ.

ಸಿಟ್ಟಿನಲ್ಲಿ ತಮ್ಮನ ಕಡೆ ತಿರುಗಿದೆ. ಆತ ಸ್ಟೂಲಿನಿಂದ ಎದ್ದು ಬಂದಿದ್ದ. ಕೈಯಲ್ಲಿ ನೋಟು ಪುಸ್ತಕ. ಮಗನ ಹಳೆಯ ಶಾಲಾ ಪುಸ್ತಕ, ಹಿಂದಿನ ಹಾಳೆಗಳಲ್ಲಿ ಪೆನ್ಸಿಲಿನ ಚಿತ್ರಗಳು. ಎಲ್ಲವೂ ಟ್ರೇಲರಿನ ಹಿಂಭಾಗವೇ! ನಾನು ಕಣ್ಣು ಮುಚ್ಚಿಕೊಂಡು ಕಳೆದ ವರ್ಷಗಳಲ್ಲಿ ಆತ ಕಣ್ಣು ಬಿಟ್ಟುಕೊಂಡು ನೋಡಿದ್ದನೆಂದು ಕಾಣುತ್ತದೆ. ರಸ್ತೆಯಲ್ಲಿ ಕಂಡ ಪ್ರತಿ ಟ್ರೇಲರಿನ ಹಿಂಬದಿ.

"ಬಾಗಿಲಿನ ಮೇಲೆ ಬಿಲ್ಲೆ ಹಾಕಿದರೆ ಪ್ರಯೋಜನವಿಲ್ಲ ಆಪಾ" ಎಂದ. "ಕಬ್ಬೋ ಹುಲ್ಲೋ ತುಂಬಿದಾಗ ಬಾಗಿಲು ತೆಗೆದಿರುತ್ತಾರೆ. ಇಲ್ಲವೇ ಸೋಗೆ ಇಳಿಬಿದ್ದು ಮುಚ್ಚಿಬಿಡುತ್ತದೆ. ಅವತ್ತೂ ಹಾಗೇ ಆಗಿದ್ದಿರಬಹುದು. ಬಿಲ್ಲೆ ಇತ್ತೋ ಏನೋ." ಈ ಮಾತು ನನ್ನನ್ನು ನಿಜಕ್ಕೂ ಬೆಚ್ಚಿಬೀಳಿಸಿತು. ಇಷ್ಟು ವರ್ಷ ನಾನು ಆ ಚಾಲಕನನ್ನು ಮನಸ್ಸಿನಲ್ಲೇ ಬೈದುಕೊಂಡು ಬಂದಿದ್ದೆ. ಇವನು ಅವನ ಪರವಾಗಿಯೂ ಯೋಚಿಸಿಟ್ಟಿದ್ದಾನೆ.

ತಮ್ಮನ ಲೆಕ್ಕ ಹೀಗಿತ್ತು. ಚಾಸಿಯ ಕೊನೆಯ ಅಡ್ಡಪಟ್ಟಿಗೆ, ಬಾಗಿಲಿನ ಕೆಳಗೆ, ಒಂದು ತಗಡು ವೆಲ್ಡ್ ಮಾಡಿ ಅದರ ಮೇಲೆ ಕೆಂಪು ಬಿಲ್ಲೆಗಳು. ಎರಡೂ ಮಡ್‌ಗಾರ್ಡಿನ ಮೇಲೆ ಒಂದೊಂದು. ಹೊರೆ ಹೊರಚಾಚಿದಾಗ ಅದರ ತುದಿಗೇ ನೇತುಹಾಕಲು ಕೊಕ್ಕೆಯಿರುವ ಕೆಂಪು ಹಲಗೆ. ಕೆಟ್ಟು ನಿಂತರೆ ಕಲ್ಲು ಹುಡುಕಬಾರದೆಂದು ಎರಡು ಮರದ ತುಂಡುಗಳಿಗೆ ಪಕ್ಕದಲ್ಲೇ ಗೂಡು. ವೈರಿಲ್ಲದ್ದು ಹರಿಯುವುದಿಲ್ಲ.

ರಿಫ್ಲೆಕ್ಟರ್ ಹೇಗೆ ಕೆಲಸ ಮಾಡುತ್ತದೆಂದು ನಿಮಗೆ ಗೊತ್ತೇ? ಮಕ್ಕಳಿಗೆ ನಾನು ಹೇಳಿಕೊಡುತ್ತಿದ್ದುದು ಹೀಗೆ: ಕೋಣೆಯ ಮೂಲೆಗೆ, ಎರಡು ಗೋಡೆ ಮತ್ತು ನೆಲ ಸೇರುವ ಜಾಗಕ್ಕೆ, ಚೆಂಡು ಎಸೆದರೆ ಅದು ಮೂರಕ್ಕೂ ಬಡಿದು ಎಸೆದವನ ಕಡೆಗೇ ಬರುತ್ತದೆ. ಆ ಬಿಲ್ಲೆಯೊಳಗೆ ಅಂಥ ಪುಟ್ಟ ಪುಟ್ಟ ಮೂಲೆಗಳು ನೂರಾರು. ಬೆಳಕು ಎತ್ತ ಕಡೆಯಿಂದ ಬಂದರೂ ಬಂದ ಕಡೆಗೇ ಹಿಂದಿರುಗುತ್ತದೆ. ಮೇಸ್ತ್ರಿ ಒಂದು ಬಿಲ್ಲೆಯನ್ನು ಬಿಸಿಲಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ನಲವತ್ತು ವರ್ಷ ಅಂಟಿಸಿದ್ದೇನೆ, ಒಳಗೆ ಏನಿದೆ ಎಂದು ನೋಡಿರಲಿಲ್ಲ ಎಂದರು.

ಹಣ ಕೊಟ್ಟೆನೇ ಎಂದು ಕೇಳುತ್ತೀರಾ? ಮುಂಗಡ ಅಲ್ಲೇ ಕೊಟ್ಟೆ. ಬಿಳಿ ಹೂವಿನ ಚಿತ್ರ ಬೇಡವೆಂದೆ. ಸೋದರಳಿಯ ಮುಖ ಸಣ್ಣದು ಮಾಡಿಕೊಂಡದ್ದು ನೋಡಿ, ಆಯಿತು, ಚಿಕ್ಕದೊಂದು ಇರಲಿ ಎಂದೆ.

ಮೂರು ವಾರಗಳ ನಂತರ ಟ್ರೇಲರ್ ಊರಿಗೆ ಬಂತು. ಅಂದು ಮಗ್ರಿಬ್ ಕಳೆದು ಕತ್ತಲಾದ ಮೇಲೆ ತಮ್ಮ ಎಲ್ಲರನ್ನೂ ಹೊಲದ ದಾರಿಗೆ ಹೊರಡಿಸಿದ. ಟ್ರೇಲರಿಗೆ ಸೋಗೆ ತುಂಬಿಸಿದ್ದ, ಬೇಕೆಂದೇ ಹಿಂದಕ್ಕೆ ಇಳಿಬೀಳುವಂತೆ. ಮಗ ಟ್ರ್ಯಾಕ್ಟರನ್ನು ಮುಂದೆ ಓಡಿಸಿಕೊಂಡು ಹೋಗಿ ದೂರದಲ್ಲಿ ನಿಲ್ಲಿಸಿ ದೀಪ ಆರಿಸಿದ. ಪಕ್ಕದ ಮನೆಯ ಹುಡುಗ ಬೈಕು ತಂದಿದ್ದ. ತಮ್ಮ ಅದರ ಹಿಂದಿನ ಸೀಟಿನಲ್ಲಿ ಕುಳಿತ. ಆ ರಾತ್ರಿಯ ನಂತರ ಆತ ಬೈಕಿನ ಮೇಲೆ ಕುಳಿತದ್ದನ್ನು ನಾನು ಕಂಡಿರಲಿಲ್ಲ. ಒಂದು ಕೈ ಹುಡುಗನ ಭುಜದ ಮೇಲಿತ್ತು, ಇನ್ನೊಂದು ನನ್ನ ಕೈಯಲ್ಲಿತ್ತು.

ಹುಡುಗ ಹೆಡ್‌ಲೈಟ್ ಹಾಕಿದ. ಕತ್ತಲೆಯೊಳಗೆ, ನೆಲಕ್ಕೆ ಹತ್ತಿರ, ಕೆಂಪು ಚುಕ್ಕಿಗಳು ಹೊತ್ತಿಕೊಂಡವು. ನಾನು ಎಣಿಸಿದೆ. ಆರು. ಮೇಲೆ ಹಲಗೆಯದೊಂದು.

"ಕಾಣುತ್ತಿದೆಯಾ?" ಎಂದು ಆ ತುದಿಯಿಂದ ಮಗ ಕೂಗಿ ಕೇಳಿದ.

ತಮ್ಮ ಉತ್ತರ ಕೊಡಲು ಸ್ವಲ್ಪ ಹೊತ್ತು ತೆಗೆದುಕೊಂಡ. ಆಮೇಲೆ ನನ್ನ ಕೈ ಬಿಟ್ಟು, ಬಾಯಿಗೆ ಕೈ ಅಡ್ಡ ಹಿಡಿದು ಕೂಗಿದ.

"ಇನ್ನೂ ಸ್ವಲ್ಪ ದೂರ ಹೋಗು!"