ಚೀಲದ ಮಾತು

ಹುಬ್ಬಳ್ಳಿ-ಧಾರವಾಡದ ಚಿಗರಿ ಬಸ್ಸಿನಲ್ಲಿ ಗುಟ್ಟಿನ ಮಾತು ಆಡಬಾರದು. ಹಿಂದಿನ ಕೆಂಪು ಬಸ್ಸಾಗಿದ್ದರೆ ಅದರ ಖಡಖಡದಲ್ಲಿ ಯಾರ ಸಂಸಾರವೂ ಯಾರಿಗೂ ಕೇಳುತ್ತಿರಲಿಲ್ಲ. ಇದು ಎಸಿ ಗಾಡಿ, ಕಿಟಕಿ ಮುಚ್ಚಿ ಹೊರಟಿತೆಂದರೆ ಒಳಗೆ ಗ್ರಂಥಾಲಯದ ಮೌನ. ಅಂಥ ಮೌನದಲ್ಲಿ, ಬಸ್ಸು ನವನಗರ ದಾಟುತ್ತಿದ್ದಾಗ, ನಮ್ಮ ಸೋದರತ್ತಿ ಘೋಷಿಸಿಬಿಟ್ಟಳು: "ಈ ಸಲ ಚೀಲಾ ತಗಸೇ ಬಿಡ್ತೀನಿ ನೋಡವಾ. ನನಗ ಸಾಕಾಗೇತಿ."

ಎದುರು ಸೀಟಿನ ಗಂಡಸರೊಬ್ಬರು ದಾರಿಯಲ್ಲಿಟ್ಟಿದ್ದ ತಮ್ಮ ಚೀಲವನ್ನು ಲಗುಬಗೆಯಿಂದ ಕಾಲಸಂದಿಗೆ ಎಳೆದುಕೊಂಡರು. ಹೆಂಗಸರು ಮಾತ್ರ ಯಾರೂ ಅಲುಗಲಿಲ್ಲ. ಅವರಿಗೆಲ್ಲ ಯಾವ ಚೀಲವೆಂದು ಗೊತ್ತಿತ್ತು. ಹಿಂದಿನ ಸೀಟಿನಿಂದ ಒಬ್ಬಾಕೆ ಬಗ್ಗಿ, "ತಗಸ್ರಿ ಅಕ್ಕಾರ, ನಾನೂ ತಗಸೇನಿ, ಹಗರ ಆಕ್ಕೈತಿ" ಎಂದು ಅನುಭವದ ಮಾತನ್ನೂ ಸೇರಿಸಿದಳು.

ಅತ್ತಿಗೆ ನಲವತ್ತಾರು. ವರ್ಷದಿಂದ ಮುಟ್ಟಿನಲ್ಲಿ ವಿಪರೀತ ಹೋಗುತ್ತಿದೆ. ಅಂದು ಹುಬ್ಬಳ್ಳಿಯಲ್ಲಿ ಸ್ಕ್ಯಾನ್ ಮಾಡಿಸಿದ್ದಳು. ಸಣ್ಣದೊಂದು ಗಂಟಿದೆ ಎಂದು ಬಂದಿತ್ತು. ಅಷ್ಟಕ್ಕೇ ಅತ್ತಿ ಮನೆ ಖಾಲಿ ಮಾಡಿಸುವ ಮಾಲೀಕಳಾಗಿದ್ದಳು.

ನನಗೆ ಕೊರೆದದ್ದು ಆ 'ಚೀಲ' ಎಂಬ ಮಾತು. ಗರ್ಭಚೀಲ ಅನ್ನುವುದು ನಮ್ಮ ಕಡೆಯ ರೂಢಿ. ಅದರಲ್ಲಿ 'ಗರ್ಭ' ಸವೆದು ಬರೀ ಚೀಲ ಉಳಿದಿದೆ. ಚೀಲ ಅಂದಮೇಲೆ ಏನು, ಸಂತೆ ಮುಗಿದ ಮೇಲೆ ಜಾಡಿಸಿ ಗೂಟಕ್ಕೆ ಹಾಕುವ ಸಾಮಾನು. ಹರಿದರೆ ಬಿಸಾಡಬಹುದು. ಅದರ ಹಿಂದಿನ ಮಾತಂತೂ ಇನ್ನೂ ಅಂದಾದುಂದಿ. ಬಸುರಿಯನ್ನು ನಾವು 'ಹೊಟ್ಟಿಲೆ ಅದಾಳ' ಅನ್ನುತ್ತೇವೆ. ಹಳೆಯ ಕನ್ನಡದಲ್ಲೂ ಬಸಿರು ಅಂದರೆ ಹೊಟ್ಟೆಯೇ. ರೊಟ್ಟಿಗೂ ಕೂಸಿಗೂ ಒಂದೇ ಕೋಣೆ ಕೊಟ್ಟ ಭಾಷೆ ನಮ್ಮದು. ನನ್ನ ಬಾಣಂತನಕ್ಕೆ ಮುಂಚೆ ಆಯಿ, "ಹೊಟ್ಟಿ ತುಂಬ ಉಣಬ್ಯಾಡ, ಕೂಸಿಗೆ ಜಾಗ ಸಾಲೂದಿಲ್ಲ" ಅಂದಾಗ ಆಕೆಯ ತರ್ಕದಲ್ಲಿ ತಪ್ಪಿರಲಿಲ್ಲ, ತಪ್ಪಿದ್ದದ್ದು ನಕಾಶೆಯಲ್ಲಿ.

ಶಾಲೆಯಲ್ಲಾದರೂ ನಕಾಶೆ ಸಿಕ್ಕೀತೇ ಎಂದರೆ, ನಮ್ಮ ಸರ್ ಆ ಪಾಠ ಬಂದಾಗ "ಇದನ್ನ ಮನ್ಯಾಗ ಓದಿಕೊಳ್ರಿ" ಎಂದು ಮುಂದಿನ ಪಾಠಕ್ಕೆ ಜಿಗಿದರು. ಆದರೆ ದಾಸವಾಳವನ್ನು ಮಾತ್ರ ಮೂರು ದಿನ ಬರೆಸಿದರು. ಅಂಡಾಶಯ, ಶಲಾಕೆ, ಶಲಾಕಾಗ್ರ, ಕಣ್ಣು ಮುಚ್ಚಿ ಈಗಲೂ ಬರೆದೇನು. ಅಲ್ಲೇ ಒಂದು ಎಡವಟ್ಟು ಹುಟ್ಟಿತು. ಹೂವಿನಲ್ಲಿ ಅಂಡಾಶಯವೇ ಕಾಯಾಗುತ್ತದೆ, ಬೀಜವೂ ಅದರೊಳಗೇ. ಹಾಗಾಗಿ ಹೆಂಗಸಿನಲ್ಲೂ ಕೂಸು ಅಂಡಾಶಯದಲ್ಲೇ ಬೆಳೆಯುತ್ತದೆ ಎಂದು ಪದವಿ ಮುಗಿಯುವವರೆಗೆ ನಂಬಿದ್ದೆ. ಅಂಡಾಶಯ, ಗರ್ಭಾಶಯ, ಮೂತ್ರಾಶಯ, ಪಿತ್ತಾಶಯ, ಎಲ್ಲವೂ ಆಶಯಗಳೇ. ಸಂಸ್ಕೃತದಲ್ಲಿ ಆಶಯ ಅಂದರೆ ನೆಲೆ. ನಮ್ಮ ಧಾರವಾಡದಲ್ಲಿ ಅದರ ಅರ್ಥ ಬೇರೆ: ವಿದ್ಯಾವರ್ಧಕ ಸಂಘದಲ್ಲಿ ಒಂದು ಕಾರ್ಯಕ್ರಮ ಇಟ್ಟರೆ ಮೊದಲು ಆಶಯ ಭಾಷಣ. ಇಷ್ಟು ಆಶಯ ಭಾಷಣ ಕೇಳಿದ ಊರಿನಲ್ಲಿ ಈ ಆಶಯಗಳ ಬಗ್ಗೆ ಯಾರೂ ಮಾತಾಡಲಿಲ್ಲ.

ಯಾರೂ ಎನ್ನುವುದು ತಪ್ಪು. ಡಾ. ಅನುಪಮಾ ನಿರಂಜನ ಒಂದು ಕಾಲಕ್ಕೆ ಇದೇ ಧಾರವಾಡದಲ್ಲಿ ವೈದ್ಯವೃತ್ತಿ ಮಾಡಿದವರು. 'ತಾಯಿ-ಮಗು', 'ದಾಂಪತ್ಯ ದೀಪಿಕೆ', 'ಸ್ತ್ರೀ ಸ್ವಾಸ್ಥ್ಯ ಸಂಹಿತೆ' ಬರೆದು, ಕನ್ನಡದ ಹೆಣ್ಣುಮಕ್ಕಳಿಗೆ ಅವರ ಮೈಯನ್ನು ಕನ್ನಡದಲ್ಲೇ ಪರಿಚಯ ಮಾಡಿಸಿದರು. ನಮ್ಮ ಮನೆಯಲ್ಲೂ ಒಂದು ಪ್ರತಿ ಇತ್ತು, ಟ್ರಂಕಿನಲ್ಲಿ ಇಳಕಲ್ ಸೀರೆಗಳ ಅಡಿಗೆ, ಸಂಯುಕ್ತ ಕರ್ನಾಟಕದ ಹಾಳೆ ಸುತ್ತಿಕೊಂಡು. ಅವ್ವ ಓದಿದ್ದಳು, ನಾನು ಕದ್ದು ಓದಿದೆ. ಇಬ್ಬರೂ ಓದಿದ್ದೇವೆಂದು ಒಬ್ಬರಿಗೊಬ್ಬರು ಹೇಳಲಿಲ್ಲ.

ಮನೆಗೆ ಬಂದು ಚಹಾ ಕುಡಿದ ಮೇಲೆ ಅತ್ತಿಯನ್ನು ಕೂರಿಸಿಕೊಂಡೆ. ಬರೆಯಲು ಹಾಳೆ ಕಾಣಲಿಲ್ಲ, ಲೈನ್ ಬಜಾರಿನ ಪೇಡೆಯ ಡಬ್ಬಿ ಖಾಲಿಯಾಗಿತ್ತು. ಅದರ ಮುಚ್ಚಳದ ಒಳಮೈಗೆ ಚಿತ್ರ ಬರೆದೆ.

"ನೋಡತ್ತಿ, ಇದು ಚೀಲ ಅಲ್ಲ. ಸ್ನಾಯು. ಪೇರಲಹಣ್ಣು ಬೋರಲ ಹಾಕಿದಂಗ ಇರತೈತಿ, ನಿನ್ನ ಮುಷ್ಟಿಗಿಂತ ಸಣ್ಣದು." ಉದ್ದ ಏಳೂವರೆ ಸೆಂಟಿಮೀಟರು, ತೂಕ ಸುಮಾರು 60 ಗ್ರಾಂ. ಒಳಗೆ ಖಾಲಿ ಜಾಗವೆಂಬುದೇ ಇಲ್ಲ, ಮುಂದಿನ ಗೋಡೆ ಹಿಂದಿನದಕ್ಕೆ ಅಂಟಿಕೊಂಡಿರುತ್ತದೆ. ಅದೇ ಒಂಬತ್ತು ತಿಂಗಳಲ್ಲಿ ತಾನೇ ಒಂದು ಕಿಲೋದಷ್ಟು ತೂಗುವಂತೆ ಬೆಳೆದು, ಹೆರಿಗೆಯಾದ ಆರೇಳು ವಾರದಲ್ಲಿ ಮತ್ತೆ ಮುಷ್ಟಿಯಾಗುತ್ತದೆ. ಅಂಥ ಚೀಲ ಯಾವ ಅಂಗಡಿಯಲ್ಲಿ ಸಿಗುತ್ತದೆ?

ಅತ್ತಿಯ ಅನುಮಾನಗಳು ಅಲ್ಲಿಂದ ಸಾಲುಗಟ್ಟಿದವು. ಮುಟ್ಟಿನಲ್ಲಿ ಹೋಗುವುದು ಕೆಟ್ಟ ರಕ್ತವಲ್ಲವೇ? ಅಲ್ಲ. ಬರುವ ಅತಿಥಿಗೆಂದು ಗರ್ಭಕೋಶ ಹಾಸಿದ ಹಾಸಿಗೆ ಅದು, ಅತಿಥಿ ಬಾರದಿದ್ದರೆ ಸುತ್ತಿ ಹೊರಗೆ ಹಾಕುತ್ತದೆ. "ಮತ್ತ ನಾ ಮಕ್ಕಳಾಗದ ಆಪರೇಶನ್ ಮಾಡಿಸಿಕೊಂಡೇನಿ, ಆ ತತ್ತಿ ಎಲ್ಲಿ ಕೂಡತೈತಿ? ಅದಕ್ಕ ನನ್ನ ಹೊಟ್ಟಿ ಬಂದೈತೇನ?" ಹೊಟ್ಟೆ ಬಂದದ್ದು ಪೇಡೆಯಿಂದ ಎಂದು ಹೇಳುವ ಧೈರ್ಯ ನನಗಾಗಲಿಲ್ಲ. ಆ ಆಪರೇಶನ್ನಿನಲ್ಲಿ ಕತ್ತರಿಸಿ ಕಟ್ಟುವುದು ಎರಡು ನಾಳಗಳನ್ನು ಮಾತ್ರ. ಇಟಲಿಯ ಫೆಲೋಪಿಯೋ 1561ರಲ್ಲಿ ಅವನ್ನು ಕಹಳೆಯಂತಿವೆ ಎಂದು ವರ್ಣಿಸಿದ್ದರಿಂದ ಅವಕ್ಕೆ ಅವನದೇ ಹೆಸರು. ಅಂಡಾಶಯ ತನ್ನ ಪಾಡಿಗೆ ತಿಂಗಳಿಗೊಂದು ತತ್ತಿ ಬಿಡುತ್ತದೆ, ಅದು ಒಂದು ದಿನದಲ್ಲಿ ಮೈಯಲ್ಲೇ ಕರಗಿಹೋಗುತ್ತದೆ. ಸಾಸಿವೆಗಿಂತಲೂ ಸಣ್ಣ ವಸ್ತು, ಹೊಟ್ಟೆ ಉಬ್ಬಿಸುವ ಶಕ್ತಿ ಅದಕ್ಕಿಲ್ಲ.

ಆ ತತ್ತಿಯೂ ಬಹಳ ದಿನ ಮನುಷ್ಯರ ಕಣ್ಣು ತಪ್ಪಿಸಿಕೊಂಡಿತ್ತು. ಹೆಂಗಸು ಹೊಲ, ಗಂಡಸು ಬಿತ್ತುವವ ಎಂಬ ಎರಿ ಹೊಲದ ಲೆಕ್ಕವನ್ನೇ ಜಗತ್ತು ನಂಬಿತ್ತು. 1827ರಲ್ಲಿ ಕಾರ್ಲ್ ಫಾನ್ ಬೇರ್ ನಾಯಿಯ ಅಂಡಾಶಯದಲ್ಲಿ ತತ್ತಿಯನ್ನು ಕಂಡ. ಬೀಜದಲ್ಲಿ ಅರ್ಧಪಾಲು ಹೊಲದ್ದೇ ಎಂದಾಯಿತು. ಆದರೂ ಹೆಣ್ಣು ಹೆತ್ತರೆ ತಪ್ಪು ಪೂರ್ತಿ ಹೊಲದ ಮೇಲೆ. ಗಂಡೋ ಹೆಣ್ಣೋ ಎಂಬುದು ಅಪ್ಪನ ಕಡೆಯ ಅರ್ಧದಿಂದಲೇ ತೀರ್ಮಾನವಾಗುತ್ತದೆ ಎಂದರೆ ಇಂದಿಗೂ ನಮ್ಮ ಮಾಮಾ ಪೇಪರ್ ಮುಖಕ್ಕೆ ಹಿಡಿಯುತ್ತಾನೆ.

ಅತ್ತಿಯ ಮಗಳು ಮುಟ್ಟಿನ ಕಪ್ ಬಳಸುತ್ತಾಳೆ. "ಒಳಗ ಕಳದ ಹೋದ್ರ? ಒಂದಕ್ಕ ಹೋಗಾಕ ಅಡ್ಡ ಬರೂದಿಲ್ಲೇನ?" ನಾಲ್ಕು ಮಕ್ಕಳನ್ನು ಹೆತ್ತ ಹೆಂಗಸಿನ ಪ್ರಶ್ನೆ ಇದು! ಮೂತ್ರದ ದಾರಿ ಬೇರೆ, ಯೋನಿಯ ದಾರಿ ಬೇರೆ, ಮಲದ್ದು ಬೇರೆ, ಒಟ್ಟು ಮೂರು ಎಂದು ಬೆರಳು ಮಡಿಚಿ ಎಣಿಸಿ ತೋರಿಸಿದೆ. ಅತ್ತಿ ಕಣ್ಣರಳಿಸಿದಳು. ಯೋನಿ ಮುಂದೆ ಹೋಗಿ ಮುಗಿಯುವ ಓಣಿ, ಕೊನೆಯಲ್ಲಿ ಗರ್ಭಕೋಶದ ಕೊರಳು, ಅದರಲ್ಲಿ ಸಣ್ಣ ಕಿಂಡಿ. ಕಪ್ ಅದರಾಚೆ ನುಸುಳಲಾರದು. ಕಾಪರ್ ಟಿ ಹಾಕಿಸಿದರೆ ಎದೆಗೆ ಏರುತ್ತದೆ ಎಂಬ ಓಣಿಯ ಸುದ್ದಿಯೂ ಹಾಗೇ. ಎದೆಗೆ ಅಲ್ಲಿಂದ ದಾರಿಯೇ ಇಲ್ಲ. ಹಿಂದೆ ಗ್ರೀಕರು ಗರ್ಭಕೋಶವೇ ಮೈತುಂಬ ತಿರುಗಾಡುತ್ತದೆ ಎಂದು ನಂಬಿದ್ದರು, ಹಿಸ್ಟೀರಿಯಾ ಎಂಬ ಹೆಸರು ಬಂದದ್ದೂ ಆ ಭಾಷೆಯ ಗರ್ಭಕೋಶದಿಂದ. ನಮ್ಮ ಓಣಿಯವರು ತಂತಿಯೊಂದನ್ನೇ ತಿರುಗಾಡಿಸಿದ್ದಾರೆ, ಅಷ್ಟರಮಟ್ಟಿಗೆ ವಾಸಿ.

ನಗೆ ನಿಂತದ್ದು ತಾಂಡಾದ ಮಾತು ಬಂದಾಗ. 1997ರವರೆಗೆ ನಮ್ಮದೇ ಜಿಲ್ಲೆಯಾಗಿದ್ದ ಹಾವೇರಿಯ ರಾಣೆಬೆನ್ನೂರಿನ ಸುತ್ತ, ಲಂಬಾಣಿ ತಾಂಡಾಗಳ ಹೆಂಗಸರು ಬೇಡದಿದ್ದರೂ ಗರ್ಭಕೋಶ ತೆಗೆದರೆಂದು ದೂರಿ, ಪರಿಹಾರಕ್ಕಾಗಿ ಬೀದಿಗಿಳಿದರು. ಬೇರೆ ರಾಜ್ಯಗಳ ಇಂಥವೇ ದೂರುಗಳ ಮೇಲೆ ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲಿ, ಅನಗತ್ಯ ಶಸ್ತ್ರಚಿಕಿತ್ಸೆ ತಡೆಯುವ ಮಾರ್ಗಸೂಚಿಯನ್ನು ಮೂರು ತಿಂಗಳಲ್ಲಿ ಜಾರಿಗೆ ತರಬೇಕೆಂದು ಎಲ್ಲ ರಾಜ್ಯಗಳಿಗೂ ಹೇಳಿತು. ಕ್ಯಾನ್ಸರಿದ್ದರೆ, ಯಾವ ಔಷಧಕ್ಕೂ ರಕ್ತ ನಿಲ್ಲದಿದ್ದರೆ ತೆಗೆಯಲೇಬೇಕು, ಅದಕ್ಕೆ ತಕರಾರಿಲ್ಲ. ಆದರೆ ಜೊತೆಗೆ ಅಂಡಾಶಯಗಳನ್ನೂ ತೆಗೆದರೆ ಮುಟ್ಟು ನಿಲ್ಲುವ ಕಾಲ ಒಂದೇ ರಾತ್ರಿಗೆ ಬಂದು ಕೂರುತ್ತದೆ, ಎಲುಬು ಸವೆಯತೊಡಗುತ್ತದೆ. ಬಸ್ಸಿನಲ್ಲಿ 'ಹಗರ ಆಕ್ಕೈತಿ' ಅಂದ ಆ ತಾಯಿಗೆ ತನ್ನ ಒಳಗಿಂದ ಏನೇನು ತೆಗೆದರೆಂದು ಗೊತ್ತಿತ್ತೋ ಇಲ್ಲವೋ. ಕೇಳಬೇಕಿತ್ತು, ಕೇಳಲಿಲ್ಲ.

ಮರುವಾರ ಇನ್ನೊಬ್ಬ ಡಾಕ್ಟರಬಾಯಿಯ ಹತ್ತಿರ ಹೋದೆವು. ಗಂಟು ಸಣ್ಣದು, ಗುಳಿಗೆ ತೊಗೊಳ್ರಿ, ಆರು ತಿಂಗಳು ಬಿಟ್ಟು ಮತ್ತೆ ಸ್ಕ್ಯಾನ್ ಮಾಡೋಣ ಎಂದರು.

ಪೇಡೆ ಡಬ್ಬಿಯ ಮುಚ್ಚಳ ಇನ್ನೂ ಅತ್ತಿಯ ಫ್ರಿಜ್ಜಿನ ಮೇಲಿದೆ. ನಾನು ಬರೆದ ದಿನವೇ ಆಕೆ ಅದನ್ನು ದೂರ ಹಿಡಿದು, ಹತ್ತಿರ ಹಿಡಿದು, "ಯವ್ವಾ, ಇದು ಮಣ್ಣೆತ್ತಿನ ಅಮಾಸಿ ಬಸವಣ್ಣನ ಮಾರಿ ಇದ್ದಂಗೈತಲ್ಲ!" ಅಂದಿದ್ದಳು. ಸುಳ್ಳಲ್ಲ, ನಾಳ ಹೊರಡುವ ಆ ಎರಡು ಮೂಲೆಗಳಿಗೆ ವೈದ್ಯರೂ ಕೋಡು ಎಂದೇ ಹೆಸರಿಟ್ಟಿದ್ದಾರೆ. ಮೊನ್ನೆ ಮಾಮಾ ತಣ್ಣೀರಿಗೆಂದು ಫ್ರಿಜ್ ತೆರೆಯಲು ಹೋದವನು ಅದನ್ನು ಕೈಗೆತ್ತಿಕೊಂಡು, ಏನಿದು ಎಂದ.

"ಬಸವಣ್ಣ," ಅಂದಳು ಅತ್ತಿ, ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ.

ಮಾಮಾ ಕನ್ನಡಕ ಏರಿಸಿ ನೋಡಿದ. "ಕೋಡ ಜರಾ ಉದ್ದ ಆಗ್ಯಾವ," ಅಂದು, ಅಲ್ಲೇ ಇಟ್ಟು, ಹಣೆಗೆ ಕೈ ಮುಟ್ಟಿಸಿಕೊಂಡು ಹೋದ.