ಮಳವಳ್ಳಿಯ ದಾರಿಯಲ್ಲಿ ತಂಬೂರಿಯ ವಿಚಾರ

ಮಂಡ್ಯವೆಂದರೆ ಸಕ್ಕರೆ, ಮದ್ದೂರೆಂದರೆ ವಡೆ ಎಂಬುದನ್ನು ಅರಿಯದವರು ನಮ್ಮ ನಾಡಿನಲ್ಲಿ ವಿರಳ. ಮಳವಳ್ಳಿಯ ಸೀಮೆಯನ್ನು ತಂಬೂರಿಯಿಂದ ಗುರುತಿಸುವವರಾದರೋ ಅಷ್ಟು ಮಂದಿ ಇಲ್ಲ. ಮನೆಯ ಮಕ್ಕಳಿಗೆ ಸಂಗೀತವನ್ನು ಹೇಳಿಸಬೇಕೆಂದು ವಾದ್ಯವನ್ನು ಕೊಳ್ಳಹೊರಟ ಗೃಹಸ್ಥರು ಈ ಮೂರೂರುಗಳ ದಾರಿಯನ್ನು ಒಮ್ಮೆ ಹಿಡಿದರೆ, ಅಂಗಡಿಯಲ್ಲಿ ದೊರೆಯದ ತಿಳಿವಳಿಕೆಯೊಂದು ದೊರೆಯುವುದು.

1933ರಲ್ಲಿ ಸಕ್ಕರೆ ಕಂಪೆನಿಯು ಸ್ಥಾಪಿತವಾದ ಮಂಡ್ಯವನ್ನು ಬಿಟ್ಟು, ಕಬ್ಬಿನ ಗದ್ದೆಗಳ ನಡುವೆ ಸಾಗಿ, ಶಿಂಷೆಯ ತೀರದ ಮದ್ದೂರನ್ನು ಸೇರಿದೆವು. ಅಲ್ಲಿಂದ ದಕ್ಷಿಣಕ್ಕೆ ತಿರುಗಿ, ಕೆ. ಎಂ. ದೊಡ್ಡಿಯನ್ನು ದಾಟಿದರೆ ಮಳವಳ್ಳಿ. ಈ ತಾಲ್ಲೂಕಿನ ಬೊಪ್ಪೇಗೌಡನಪುರದಲ್ಲಿ ಮಂಟೇಸ್ವಾಮಿಯ ಮಠವುಂಟು. ಮಂಟೇಸ್ವಾಮಿ, ರಾಚಪ್ಪಾಜಿ, ಸಿದ್ದಪ್ಪಾಜಿಯರ ಕಥೆಗಳನ್ನು ರಾತ್ರಿಯೆಲ್ಲ ಹಾಡತಕ್ಕ ನೀಲಗಾರರ ಸೀಮೆ ಇದು. ಪುಷ್ಯಮಾಸದ ಹುಣ್ಣಿಮೆಗೆ ಕಾವೇರಿಯಾಚೆಯ ಚಿಕ್ಕಲ್ಲೂರಿನ ಜಾತ್ರೆಗೂ ಇವರು ಹೋಗುವರು. ತಂಬೂರಿ, ಗಗ್ಗರ, ತಾಳಗಳೇ ಇವರ ವಾದ್ಯಗಳು.

ತಂಬೂರಿಯಲ್ಲಿ ವೀಣೆಯಂತೆ ಮೆಟ್ಟಿಲುಗಳಿಲ್ಲ, ರಾಗವನ್ನು ನುಡಿಸುವಂತಿಲ್ಲ. ಶ್ರುತಿಯನ್ನು ಹಿಡಿದು ನಿಲ್ಲುವುದೊಂದೇ ಅದರ ಕೆಲಸ. ಆದುದರಿಂದ ಅದರ ಗುಣವೆಲ್ಲವೂ ಮರ, ತಂತಿ, ಕುದುರೆ ಈ ಮೂರರಲ್ಲಿಯೇ ಅಡಗಿರುವುದು.

ಮರಗಳಲ್ಲಿ ನಮ್ಮ ದಕ್ಷಿಣದೇಶದವರು ಹಲಸನ್ನು ಮೆಚ್ಚಿದ್ದಾರೆ. ಚೆನ್ನಾಗಿ ಒಣಗಿದ ಹಲಸು ಅತಿ ಭಾರವಾಗದೆ ನಾದವನ್ನು ಒಯ್ಯುವುದು. ಹಸಿಮರದ ಕೊಡವನ್ನು ಬೆರಳ ಗೆಣ್ಣಿನಿಂದ ತಟ್ಟಿದರೆ ದನಿ ಮಂಕಾಗಿ ಬರುವುದು. ಮುಂದೆ ಬಿರುಕೂ ಬಿಡುವುದು. ಮಿರಜಿನ ಕಡೆಯವರು ಸೋರೆಯ ಬುರುಡೆಯಿಂದ ಕೊಡವನ್ನು ಮಾಡುವರು. ಅದರ ನಾದವು ಬಲು ಇಂಪು. ಆದರೆ ಪೆಟ್ಟು ತಾಗಿದರೆ ಒಡೆಯುವುದು. ಊರೂರು ತಿರುಗುವವನಿಗೂ, ಮಕ್ಕಳಿರುವ ಮನೆಗೂ ಮರವೇ ಲೇಸು.

ಉಕ್ಕಿನ ತಂತಿಯ ದನಿ ಚುರುಕು. ಮಂದ್ರಕ್ಕೆ ಹಾಕುವ ಹಿತ್ತಾಳೆಯ ತಂತಿಯದು ತುಂಬಿದ ದನಿ. ಕುದುರೆಯ ಮೇಲೆ ತಂತಿಯಡಿಯಲ್ಲಿ ಒಂದು ನೂಲಿನೆಳೆಯನ್ನು ಇಟ್ಟು ಸರಿಸುತ್ತ ಬಂದರೆ, ಒಂದೆಡೆಯಲ್ಲಿ ನಾದವು ಥಟ್ಟನೆ ಅರಳುವುದು. ಆ ನೂಲಿಗೆ ಜೀವಾಳಿ ಎಂಬ ಹೆಸರು ಸಾರ್ಥಕವಾಗಿದೆ. ಗಂಡಸರ ಕಂಠಕ್ಕೆ ಉದ್ದನೆಯ ತಂಬೂರಿ, ಹೆಂಗಸರ ಏರುದನಿಗೆ ಚಿಕ್ಕದು ಹೊಂದುವುವು.

ಈಚೆಗೆ ಮಕ್ಕಳು ಉಕುಲೇಲೆ ಎಂಬ ನಾಲ್ಕು ತಂತಿಯ ಪುಟ್ಟ ವಾದ್ಯವನ್ನು ಕೇಳುವುದುಂಟು. 1879ರಲ್ಲಿ ಮದೀರಾ ದ್ವೀಪದಿಂದ ಹವಾಯಿಗೆ ಬಂದ ಪೋರ್ಚುಗೀಸರು ತಂದ ವಾದ್ಯದಿಂದ ಇದು ಹುಟ್ಟಿತು. ಹವಾಯಿಯವರು ಅದಕ್ಕೆ ತಮ್ಮ ನೆಲದ ಕೋವಾ ಮರವನ್ನು ಆರಿಸಿಕೊಂಡರು. ಯಾವುದನ್ನು ಕೊಂಡರೂ ಪರೀಕ್ಷೆಯು ಒಂದೇ: ಬಣ್ಣವನ್ನೂ ಕೆತ್ತನೆಯನ್ನೂ ನೋಡದೆ, ಇನ್ನೊಬ್ಬರಿಂದ ಮೀಟಿಸಿ, ಹತ್ತು ಹೆಜ್ಜೆ ದೂರ ನಿಂತು ಕಿವಿಗೊಡಬೇಕು. ನಾದವು ಎಷ್ಟು ಹೊತ್ತು ನಿಲ್ಲುವುದು, ಬಿರಡೆ ಜಾರಿ ಶ್ರುತಿ ಇಳಿಯುವುದೇ ಎಂಬುದನ್ನು ಗಮನಿಸಬೇಕು. ಮದ್ದೂರಿನ ವಡೆಯ ಹದವು ಮುರಿದಾಗ ತಿಳಿಯುವಂತೆ, ವಾದ್ಯದ ಹದವು ಮೀಟಿದಾಗ ತಿಳಿಯುವುದು.

ಇದು ಬರಿಯ ಹಣದ ಮಾತಲ್ಲ. ಅಪಶ್ರುತಿಯ ವಾದ್ಯದೊಡನೆ ವರ್ಷಗಟ್ಟಲೆ ಹಾಡಿದ ಮಗುವಿನ ಕಿವಿ ಅದನ್ನೇ ಸರಿಯೆಂದು ನಂಬುವುದು. ತಂತಿಯನ್ನು ಬದಲಿಸುವಷ್ಟು ಸುಲಭವಾಗಿ ಕಿವಿಯನ್ನು ತಿದ್ದಲಾಗದು. ವಿದ್ಯುತ್ತಿನ ಶ್ರುತಿಪೆಟ್ಟಿಗೆಯು ಅನುಕೂಲವೇ ಸರಿ. ಆದರೆ ತಾನೇ ಬಿರಡೆ ತಿರುವಿ ಶ್ರುತಿಗೂಡಿಸುವ ಅಭ್ಯಾಸವನ್ನು ಅದು ಕಲಿಸಲಾರದು. ಆಡಂಬರಕ್ಕೆ ಮಾರುಹೋಗದೆ, ಮಗುವನ್ನೂ ಜೊತೆಗೆ ಕರೆದೊಯ್ದು, ಅದರ ಕಂಠಕ್ಕೆ ಒಪ್ಪುವ ವಾದ್ಯವನ್ನೇ ಮನೆಗೆ ತರುವುದು ಉಚಿತವೆಂದು ನಮಗೆ ತೋರುವುದು.