ಯರಗಟ್ಟಿಯ ಎರಿ ಹಾದಿಗೆ ಎಂಥ ಟೈರು?

ಬೆಳಗಾವಿಯಿಂದ ಬಾಗಲಕೋಟೆಯ ಕಡೆಗೆ ಹೊರಟ ಬಸ್ಸು ನೇಸರಗಿಯನ್ನು ದಾಟಿ ಮುಂದೆ ಸಾಗಿದರೆ ಸಿಗುವ ದೊಡ್ಡ ಊರು ಯರಗಟ್ಟಿ. ಗೋಕಾಕದಿಂದ ಸವದತ್ತಿ, ಧಾರವಾಡಗಳಿಗೆ ಹೋಗುವ ರಸ್ತೆ ಇಲ್ಲಿಯೇ ಅಡ್ಡ ಹಾಯುತ್ತದೆ. ಬಹುಕಾಲ ಸವದತ್ತಿ ತಾಲ್ಲೂಕಿಗೆ ಸೇರಿದ್ದ ಈ ಊರು ಈಗ ತಾನೇ ಒಂದು ತಾಲ್ಲೂಕು ಕೇಂದ್ರ. ನಾಲ್ಕು ದಿಕ್ಕಿನ ಗಾಲಿಗಳೂ ಇಲ್ಲಿ ಕೂಡುತ್ತವೆ. ಸಕ್ಕರೆ ಕಾರ್ಖಾನೆಗೆ ಕಬ್ಬು ಹೊತ್ತು ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರು, ಮಂದಿಯನ್ನು ಒತ್ತೊತ್ತಿ ತುಂಬಿಕೊಂಡ ಕ್ರೂಸರು, ಮಾರುಕಟ್ಟೆಗೆ ಉಳ್ಳಾಗಡ್ಡಿ ಒಯ್ಯುವ ಲಾರಿ. ಭಾರತ ಹುಣ್ಣಿಮೆ ಸಮೀಪಿಸಿದರೆ ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಹೊರಟ ಚಕ್ಕಡಿಗಳೂ ಸೇರಿಕೊಳ್ಳುತ್ತವೆ. ಕೋಡಿಗೆ ಗೊಂಡೆ, ಕೊರಳಿಗೆ ಗೆಜ್ಜೆ ಕಟ್ಟಿಸಿಕೊಂಡ ಎತ್ತುಗಳ ಪಕ್ಕದಲ್ಲೇ ಹೊಸ ಥಾರ್ ಜೀಪು ಹಾರ್ನ್ ಹಾಕಿ ಮುಂದೆ ಸರಿಯುತ್ತದೆ.

ಡಾಂಬರು ರಸ್ತೆಯ ಮೇಲೆ ನಿಂತು ನೋಡಿದವರಿಗೆ ಇಲ್ಲಿ ಟೈರಿನದೇನು ದೊಡ್ಡ ಸಮಸ್ಯೆ ಎನಿಸಬಹುದು. ಡಾಂಬರು ಬಿಟ್ಟು ನೂರು ಮಾರು ಒಳಗೆ ಹೋದರೆ ಸಾಕು, ಪ್ರಶ್ನೆ ಅರ್ಥವಾಗುತ್ತದೆ.

ಅಲ್ಲಿರುವುದು ಎರೆ ಮಣ್ಣು. ಈ ಭಾಗದ ಮಾತಿನಲ್ಲಿ ಎರಿ. ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಅಗಲ ಬಿರುಕು ಬಿಟ್ಟು ಕಲ್ಲಿನಂತೆ ಕೂರುವ ಈ ನೆಲ, ಒಂದು ಹದವಾದ ಮಳೆ ಬಿದ್ದ ಮೇಲೆ ಬೇರೆಯೇ ವಸ್ತು. ಇದರ ನಯವಾದ ಜೇಡಿ ಕಣಗಳು ನೀರು ಕುಡಿದು ಉಬ್ಬುತ್ತವೆ, ಒಂದಕ್ಕೊಂದು ಅಂಟುತ್ತವೆ. ಕಾಲಿಟ್ಟರೆ ಚಪ್ಪಲಿ ಕಿತ್ತುಕೊಳ್ಳುತ್ತದೆ. ಹತ್ತು ಹೆಜ್ಜೆಗೆ ಪ್ರತಿ ಕಾಲಿಗೂ ಒಂದೊಂದು ಸೇರು ಮಣ್ಣಿನ ಭಾರ. ಬಿಳಿಜೋಳ, ಕಡಲೆಗಳನ್ನು ಹಿಂಗಾರಿನಲ್ಲಿ ಮಳೆಯಿಲ್ಲದೆಯೂ ಬೆಳೆಸಿಕೊಡುವುದು ಇದೇ ಗುಣ. ತೇವವನ್ನು ಬಿಡದೆ ಹಿಡಿಯುವ ಮಣ್ಣು ಗಾಲಿಯನ್ನೂ ಬಿಡದೆ ಹಿಡಿಯುತ್ತದೆ. ರೈತನಿಗೆ ಅನ್ನ ಕೊಡುವ ಗುಣವೇ ಅವನ ಗಾಡಿಯನ್ನು ಹೂಳುವ ಗುಣವೂ ಹೌದು.

ಎರಿ ಒಂದೇ ಆಗಿದ್ದರೆ ಲೆಕ್ಕ ಸುಲಭವಿತ್ತು. ಸವದತ್ತಿಯ ಕಡೆ, ನವಿಲುತೀರ್ಥದಲ್ಲಿ ಮಲಪ್ರಭೆ ಸೀಳಿಕೊಂಡು ಬರುವ ಗುಡ್ಡಗಳ ಸಾಲಿನಲ್ಲಿ ನೆಲ ಕೆಂಪಾಗುತ್ತದೆ, ಮಸಾರಿಯಾಗುತ್ತದೆ, ಚೂಪು ಅಂಚಿನ ಗಟ್ಟಿ ಕಲ್ಲು ಎದ್ದು ಬರುತ್ತದೆ. ಹಳ್ಳಗಳ ದಂಡೆಯಲ್ಲಿ ಬಳ್ಳಾರಿ ಜಾಲಿಯ ಮುಳ್ಳು. ಇವೆಲ್ಲವನ್ನೂ ಕೂಡಿಸುವುದು ಬಿಸಿಲಿಗೆ ಕಾದ ಡಾಂಬರು. ಒಂದೇ ದಿನದಲ್ಲಿ, ಒಂದೇ ಗಾಡಿ, ನಾಲ್ಕು ಬಗೆಯ ನೆಲ ತುಳಿಯಬೇಕು.

ಹಳಿಯಿಂದ ಗಾಳಿಯವರೆಗೆ

ಗಾಲಿಗೂ ನೆಲಕ್ಕೂ ಇರುವ ಈ ಜಗಳ ಹಳೆಯದು. ಕಟ್ಟಿಗೆಯ ಗಾಲಿಗೆ ಕಬ್ಬಿಣದ ಹಳಿ ಹಾಕಿಸುವುದು ಒಂದು ಕಾಲಕ್ಕೆ ಪ್ರತಿ ಊರಿನ ಕೆಲಸವಾಗಿತ್ತು. ಕುಳ್ಳಿನ ಬೆಂಕಿಯಲ್ಲಿ ಹಳಿಯನ್ನು ಕೆಂಪಗೆ ಕಾಯಿಸಿ, ಹಿಗ್ಗಿದ ಹಳಿಯನ್ನು ಗಾಲಿಗೆ ತೊಡಿಸಿ, ಮೇಲೆ ನೀರು ಸುರಿದರೆ ಅದು ಕುಗ್ಗಿ ಮರವನ್ನು ಬಿಗಿಯಾಗಿ ಹಿಡಿಯುತ್ತಿತ್ತು. ಆ ಕಿರಿದಾದ ಹಳಿ ಗಟ್ಟಿ ನೆಲದಲ್ಲಿ ಹಗುರಾಗಿ ಓಡುತ್ತಿತ್ತು, ತೊಯ್ದ ಎರಿಯಲ್ಲಿ ಚಾಕುವಿನಂತೆ ಕತ್ತರಿಸಿಕೊಂಡು ಕೆಳಗಿಳಿಯುತ್ತಿತ್ತು. ಅದಕ್ಕೇ ಮಳೆ ಹಿಡಿದ ದಿನ ಯಾರೂ ಬಂಡಿ ಹೂಡುತ್ತಿರಲಿಲ್ಲ.

1888ರಲ್ಲಿ ಐರ್ಲೆಂಡಿನ ಬೆಲ್‌ಫಾಸ್ಟ್‌ನಲ್ಲಿ ಜಾನ್ ಬಾಯ್ಡ್ ಡನ್‌ಲಪ್ ಎಂಬಾತ ಮಗನ ಮೂರು ಗಾಲಿಯ ಸೈಕಲ್ಲಿಗೆ ಗಾಳಿ ತುಂಬಿದ ರಬ್ಬರು ಕೊಳವೆ ಸುತ್ತಿದ. ಅವನು ಕಸುಬಿನಿಂದ ದನದ ಡಾಕ್ಟರು. ಗಾಳಿಯ ಟೈರಿನಿಂದ ಆದ ದೊಡ್ಡ ಲಾಭವೆಂದರೆ ಮೆತ್ತಗಿನ ಸವಾರಿ ಮಾತ್ರವಲ್ಲ. ಗಾಲಿ ನೆಲವನ್ನು ಎಷ್ಟು ಅಗಲ ಒತ್ತಬೇಕು ಎಂಬುದನ್ನು ಗಾಳಿ ಹೆಚ್ಚು ಕಡಿಮೆ ಮಾಡಿ ನಿರ್ಧರಿಸುವ ಅಧಿಕಾರ ಗಾಡಿಯವನ ಕೈಗೆ ಬಂತು. ಯರಗಟ್ಟಿಯ ಟೈರಿನ ಚಕ್ಕಡಿಯೂ ಜೀಪೂ ಇದೇ ಬುದ್ಧಿಯ ಮಕ್ಕಳು.

ಎರಿಯನ್ನು ನಿಜವಾಗಿ ಗೆದ್ದ ಟೈರು ಜೀಪಿನದಲ್ಲ, ಟ್ರ್ಯಾಕ್ಟರಿನದು. ಅದರ ಹಿಂದಿನ ದೊಡ್ಡ ಟೈರನ್ನು ನೋಡಬೇಕು. ಬಾಣದ ಮೊನೆಯಂತೆ ಕೂಡುವ ಎತ್ತರದ ಗೆಣ್ಣುಗಳು, ಅವುಗಳ ನಡುವೆ ಅಂಗೈಗಿಂತ ಅಗಲದ ಬಯಲು. ಗೆಣ್ಣು ಮಣ್ಣನ್ನು ಕಚ್ಚುತ್ತದೆ. ಗಾಲಿ ತಿರುಗಿದಂತೆ ನಡುವಿನ ಮಣ್ಣು ಹೊರಗೆ ಉದುರುತ್ತದೆ. ಭಾರಕ್ಕೆಂದು ಅದರೊಳಗೆ ನೀರು ತುಂಬಿಸುವುದೂ ಉಂಟು. ಸ್ವಾರಸ್ಯವೆಂದರೆ ನಮ್ಮ ಸಾಮಾನ್ಯ ಟ್ರ್ಯಾಕ್ಟರುಗಳ ಮುಂದಿನ ಟೈರಿನ ಅಳತೆಯೂ ಹಳೆಯ ಜೀಪಿನ ಟೈರಿನ ಅಳತೆಯೂ ಒಂದೇ, 6.00–16. ಅಳತೆ ಹೊಂದಿತೆಂದು ಒಂದರದನ್ನು ಇನ್ನೊಂದಕ್ಕೆ ಹಾಕುವಂತಿಲ್ಲ. ಟ್ರ್ಯಾಕ್ಟರಿನ ಟೈರು ಹೊಲದ ನಿಧಾನಕ್ಕೆ ಮಾಡಿದ್ದು, ಹೆದ್ದಾರಿಯ ವೇಗಕ್ಕಲ್ಲ.

ಎರಡು ಕಿಲೋಮೀಟರಿನ ಪ್ರಶ್ನೆ

ಈ ಸೀಮೆಯಲ್ಲಿ ಜೀಪು ಕೊಳ್ಳುವವರೆಲ್ಲ ಶೋಕಿಗೆ ಕೊಳ್ಳುವುದಿಲ್ಲ. ನೀರಾವರಿ ಬಂದಂತೆ ಅನೇಕ ಕುಟುಂಬಗಳು ಊರು ಬಿಟ್ಟು ಹೊಲದಲ್ಲೇ ಮನೆ ಮಾಡಿಕೊಂಡಿವೆ. ಡಾಂಬರಿನಿಂದ ಆ ಮನೆಗೆ ಒಂದೋ ಎರಡೋ ಕಿಲೋಮೀಟರು ಎರಿಯ ಹಾದಿ. ವರ್ಷದ ಹತ್ತು ತಿಂಗಳು ಅದರಲ್ಲಿ ಮೋಟಾರ್ ಸೈಕಲ್ಲೂ ಸಾಗುತ್ತದೆ. ಉಳಿದ ದಿನಗಳಲ್ಲಿ, ಉತ್ತರಿ ಮಳೆಯೋ ಚಿತ್ತಿ ಮಳೆಯೋ ಹಿಡಿದ ರಾತ್ರಿ, ಮನೆಯ ಹೆಣ್ಣುಮಗಳಿಗೆ ಹೆರಿಗೆ ಬೇನೆ ಬಂದರೆ 108ರ ಗಾಡಿ ಡಾಂಬರಿನ ತುದಿಗೆ ಬಂದು ನಿಲ್ಲುತ್ತದೆ. ಹಾವು ಕಚ್ಚಿದವನಿಗೂ ಅಲ್ಲಿಯವರೆಗಿನ ಹಾದಿಯೇ ಗಂಡಾಂತರ. ಕೆಸರಿನ ಟೈರಿನ ಮಾತು ಮನೆಯಲ್ಲಿ ಏಳುವುದು ಆ ಎರಡು ಕಿಲೋಮೀಟರಿಗಾಗಿ.

ಹಾಗಾದರೆ ಅಂಗಡಿಯಲ್ಲಿರುವ ಅತ್ಯಂತ ಒರಟು ಟೈರನ್ನೇ ಹಾಕಿಸಬೇಕೆ? ಇಲ್ಲಿಯೇ ಬಹಳ ಜನ ದುಡ್ಡು ಕಳೆದುಕೊಳ್ಳುವುದು.

ಟೈರುಗಳು ಮುಖ್ಯವಾಗಿ ಮೂರು ಬಗೆ. ಎಚ್.ಟಿ. ಎಂಬುದು ಹೆದ್ದಾರಿಯದು: ಸಣ್ಣ ಗೆರೆ, ಕಡಿಮೆ ಸದ್ದು, ಡೀಸೆಲ್ ಉಳಿತಾಯ, ತೊಯ್ದ ಡಾಂಬರಿನ ಮೇಲೆ ಒಳ್ಳೆಯ ಬ್ರೇಕು. ಎಂ.ಟಿ. ಎಂಬುದು ಕೆಸರಿನದು: ದೊಡ್ಡ ಗೆಣ್ಣು, ಅಗಲ ಸಂದು, ದಪ್ಪ ಗೋಡೆ. ನಡುವಿನದು ಎ.ಟಿ., ಅಂದರೆ ಎಲ್ಲ ನೆಲಕ್ಕೂ ಅಷ್ಟಿಷ್ಟು ಹೊಂದುವಂಥದು. ಎರಿಯಲ್ಲಿ ಹೆದ್ದಾರಿಯ ಟೈರಿನ ಸಂದುಗಳು ನಾಲ್ಕು ಸುತ್ತಿಗೇ ಮೆತ್ತಿಕೊಂಡು ಬೋಳಾಗುತ್ತವೆ. ಆಮೇಲೆ ಮಣ್ಣಿನ ಮೇಲೆ ಮಣ್ಣೇ ಜಾರುತ್ತದೆ. ಕೆಸರಿನ ಟೈರು ಅದಕ್ಕಿಂತ ಮುಂದೆ ಹೋಗುತ್ತದೆ, ನಿಜ. ಆದರೆ ಅದೇ ಟೈರು ಬೆಳಗಾವಿಯ ಡಾಂಬರಿನ ಮೇಲೆ ಗುಂಯ್‌ಗುಡುತ್ತ ಬೇಗ ಸವೆಯುತ್ತದೆ, ಮಳೆಯಲ್ಲಿ ಬ್ರೇಕು ಹಾಕಿದರೆ ಹೆಚ್ಚು ದೂರ ಹೋಗಿ ನಿಲ್ಲುತ್ತದೆ. ನೂರಕ್ಕೆ ತೊಂಬತ್ತು ಪಾಲು ಡಾಂಬರಿನ ಮೇಲೆ ಓಡುವ ಗಾಡಿಗೆ ಕೆಸರಿನ ಟೈರು ಹಾಕಿದರೆ ಹೊಲದ ಹಾದಿಯ ಅಪಾಯ ತಪ್ಪಿಸಲು ಹೋಗಿ ಹೆದ್ದಾರಿಯ ಅಪಾಯ ತಂದುಕೊಂಡಂತೆ. ಇಂಥ ಮನೆಗಳಿಗೆ ಹೊಂದುವುದು ಎ.ಟಿ. ಟೈರೇ. ದಿನವೂ ಹೊಲದಲ್ಲೇ ಓಡುವ, ಡಾಂಬರು ಅಪರೂಪಕ್ಕೆ ಕಾಣುವ ಗಾಡಿಗೆ ಮಾತ್ರ ಎಂ.ಟಿ. ನ್ಯಾಯ.

ಎರಡನೆಯ ಆಸೆ ಅಳತೆ ಹಿಗ್ಗಿಸುವುದು. ಟೈರಿನ ಪಕ್ಕದ ಅಂಕಿಗಳನ್ನು ಓದಿದರೆ ಈ ಆಸೆಯ ಬೆಲೆ ತಿಳಿಯುತ್ತದೆ. ಬೊಲೆರೊದಂಥ ಗಾಡಿಗೆ ಬರುವ 215/75 ಆರ್ 15 ಎಂದರೆ ಅಗಲ 215 ಮಿಲಿಮೀಟರು, ಗೋಡೆಯ ಎತ್ತರ ಆ ಅಗಲದ ನೂರಕ್ಕೆ 75, ಒಳಗಿನ ಡಿಸ್ಕು 15 ಅಂಗುಲ, ‘ಆರ್’ ಎಂದರೆ ರೇಡಿಯಲ್. ಒಟ್ಟು ಎತ್ತರ ಸುಮಾರು 703 ಮಿಲಿಮೀಟರು. ಇದರ ಬದಲು 235/75 ಆರ್ 15 ಹಾಕಿದರೆ ಎತ್ತರ 30 ಮಿಲಿಮೀಟರು ಏರುತ್ತದೆ, ಗಾಡಿಯ ಹೊಟ್ಟೆ ಮೇಲೇರುವುದು ಮಾತ್ರ ಅದರ ಅರ್ಧ, 15 ಮಿಲಿಮೀಟರು. ಟ್ರ್ಯಾಕ್ಟರು ತುಳಿದ ಗಾಲಿ ಜಾಡಿನ ಆಳಕ್ಕೆ ಇದು ಯಾವ ಲೆಕ್ಕ? ಇತ್ತ ಮೀಟರು 80 ತೋರಿಸುವಾಗ ಗಾಡಿ ಮೊದಲಿಗಿಂತ ಮೂರು ಕಿಲೋಮೀಟರು ಹೆಚ್ಚು ವೇಗದಲ್ಲಿರುತ್ತದೆ, ಎಂಜಿನ್ನಿಗೆ ಎಳೆತ ಭಾರವಾಗುತ್ತದೆ, ತಿರುವಿನಲ್ಲಿ ಟೈರು ಮಡ್‌ಗಾರ್ಡಿಗೆ ತಾಗಬಹುದು. ಕಂಪನಿಯವರು ಹೇಳಿದ ಅಳತೆಯೇ ಕ್ಷೇಮ. ಅಳತೆಯ ಮುಂದಿನ ಅಂಕಿ ಭಾರದ್ದು. 100 ಎಂದಿದ್ದರೆ ಆ ಒಂದು ಟೈರು 800 ಕಿಲೋ ಹೊರಬಲ್ಲದು. ಜಾತ್ರೆಗೆ ಮಂದಿ ತುಂಬುವವರು ಇದನ್ನು ಇಳಿಸಿಕೊಳ್ಳಬಾರದು.

ನಾಲ್ಕೂ ಗಾಲಿ ಎಳೆಯುವ ಗಾಡಿಯಾದರೆ ನಾಲ್ಕೂ ಟೈರು ಒಂದೇ ಅಳತೆ, ಒಂದೇ ಬಗೆ, ಹೆಚ್ಚುಕಡಿಮೆ ಒಂದೇ ಸವೆತದ್ದಿರಬೇಕು. ಹಿಂದೆ ಹೊಸದು, ಮುಂದೆ ಹಳೆಯದು ಹಾಕಿದರೆ ಗಾಲಿಗಳ ಸುತ್ತು ತಾಳೆಯಾಗದೆ ಒಳಗಿನ ಗೇರುಗಳಿಗೆ ಪೆಟ್ಟು. ಅಂಗಡಿಯಲ್ಲಿ ಹುಟ್ಟಿದ ದಿನವನ್ನೂ ನೋಡಬೇಕು. ಟೈರಿನ ಗೋಡೆಯ ಮೇಲೆ 3524 ಎಂದಿದ್ದರೆ ಅದು 2024ರ 35ನೆಯ ವಾರದ್ದು. ಕಡಿಮೆ ಓಡುವ ಗಾಡಿಯ ಟೈರು ಸವೆಯದೆಯೂ ಬಿಸಿಲಿಗೆ ಮುದಿಯಾಗುತ್ತದೆ. ಓಡಿ ಸವೆದದ್ದಕ್ಕೆ ಕಾನೂನಿನ ಗಡಿಯುಂಟು: ಸಂದಿನ ಆಳ 1.6 ಮಿಲಿಮೀಟರಿಗಿಂತ ಕಡಿಮೆಯಾದರೆ ಆ ಟೈರು ರಸ್ತೆಗೆ ಇಳಿಯುವಂತಿಲ್ಲ. ಎರಿಗಂತೂ ಅದಕ್ಕೂ ಬಹಳ ಮೊದಲೇ ಅದು ಕೆಲಸಕ್ಕೆ ಬಾರದು.

ಗಾಳಿ, ಕಲ್ಲು, ಮುಳ್ಳು

ಹೊಸ ಟೈರಿಗೆ ಸಾವಿರಾರು ರೂಪಾಯಿ ಸುರಿಯುವವರು ಮರೆಯುವ ಅಗ್ಗದ ಉಪಾಯವೊಂದಿದೆ: ಗಾಳಿ ಇಳಿಸುವುದು. ಡಾಂಬರಿನ ಮೇಲೆ 32 ಪೌಂಡು ಇರುವ ಟೈರನ್ನು ಮೆತ್ತನೆಯ ನೆಲದಲ್ಲಿ 20–22ಕ್ಕೆ ಇಳಿಸಿದರೆ ಅದು ಉದ್ದಕ್ಕೆ ಹರಡಿ ಭಾರವನ್ನು ಹಂಚುತ್ತದೆ. ಸಾಲಾಗಿ ನಡೆಯುವ ಎತ್ತಿನ ವೇಗಕ್ಕಿಂತ ತುಸು ಹೆಚ್ಚಿನ ವೇಗ ಸಾಕು. ಜೋರು ಮಾಡಿದರೆ ಗೋಡೆ ಕಾಯ್ದು ಹಾಳಾಗುತ್ತದೆ. ಟ್ಯೂಬಿನ ಟೈರನ್ನು ತೀರ ಇಳಿಸಿದರೆ ಡಿಸ್ಕು ಒಳಗೇ ಜಾರಿ ವಾಲ್ವು ಕಿತ್ತುಬರುತ್ತದೆ. ಡಾಂಬರು ಮುಟ್ಟಿದ ಕೂಡಲೇ ಮತ್ತೆ ತುಂಬಬೇಕು. ಆದ್ದರಿಂದ ಗಾಳಿ ಅಳೆಯುವ ಗೇಜು, ಗಾಡಿಯ ಬ್ಯಾಟರಿಯಿಂದ ನಡೆಯುವ ಸಣ್ಣ ಪಂಪು, ಸನಿಕೆ, ಹಗ್ಗ, ಇಷ್ಟು ಸದಾ ಗಾಡಿಯಲ್ಲಿರಬೇಕು.

ಗುಡ್ಡದ ಕಡೆಯ ಕಥೆ ಬೇರೆ. ಅಲ್ಲಿಯ ಕಲ್ಲು ಟೈರಿನ ಮೈಯನ್ನಲ್ಲ, ಪಕ್ಕದ ಗೋಡೆಯನ್ನು ಸೀಳುತ್ತದೆ. ಮುಳ್ಳಿನ ತೂತಿಗೆ ಪಂಕ್ಚರ್ ಅಂಗಡಿಯಲ್ಲಿ ಮದ್ದುಂಟು, ಸೀಳಿದ ಗೋಡೆಗಿಲ್ಲ. 2020ರಲ್ಲಿ ಕೇಂದ್ರ ಸರ್ಕಾರದ ನಿಯಮ ಬದಲಾಗಿ, ಟ್ಯೂಬಿಲ್ಲದ ಟೈರು, ಗಾಳಿಯ ಒತ್ತಡ ತಿಳಿಸುವ ಯಂತ್ರ ಮತ್ತು ರಿಪೇರಿ ಕಿಟ್ಟು ಇರುವ ಸಣ್ಣ ಪ್ರಯಾಣಿಕ ವಾಹನಗಳಿಗೆ ಸ್ಟೆಪ್ನಿ ಕಡ್ಡಾಯವಲ್ಲ ಎಂದಾಯಿತು. ನಗರಕ್ಕೆ ಅದು ಸರಿ. ಈ ಹಾದಿಗಳಲ್ಲಿ ಓಡಾಡುವವರು ಮಾತ್ರ ಉಳಿದ ನಾಲ್ಕಕ್ಕೆ ಸರಿಸಮನಾದ ಐದನೆಯ ಟೈರನ್ನು ಇಟ್ಟುಕೊಳ್ಳುವುದೇ ಲೇಸು.

ಇಳಿಯಬಾರದ ದಿನ

ಇಷ್ಟೆಲ್ಲ ಆರಿಸಿದ ಮೇಲೂ ಒಂದು ಸತ್ಯ ಉಳಿಯುತ್ತದೆ. ಎರಡು ದಿನ ಜಡಿಮಳೆ ಕುಡಿದ ಎರಿಗೆ ಜೀಪಿನ ಯಾವ ಟೈರೂ ಉತ್ತರವಲ್ಲ. ಟೈರು ಸಿಕ್ಕದ ನೆಲವನ್ನು ಹುಡುಕುತ್ತ ಅಚ್ಚಿನವರೆಗೆ ಇಳಿಯುತ್ತದೆ. ಕೆಳಗೆ ಸಿಗುವುದು ಮತ್ತೆ ಎರಿಯೇ. “ಮ್ಯಾಲ ಒಣಗೇತಿ ಅಂತ ನಂಬಬ್ಯಾಡ್ರಿ, ಬುಡಕ ಹಸಿ ಐತಿ” ಎಂಬ ಹಿರಿಯರ ಎಚ್ಚರಿಕೆ ಮಳೆ ನಿಂತ ಮೂರನೆಯ ದಿನಕ್ಕೂ ಅನ್ವಯಿಸುತ್ತದೆ. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ಬಂದು ದಂಡೆಯ ಊರುಗಳಿಗೆ ನುಗ್ಗಿದಾಗ ಎತ್ತರದ ಗಾಡಿಯೂ ಗಿಡ್ಡ ಗಾಡಿಯೂ ಒಂದೇ ಆಗಿದ್ದವು. ಹರಿಯುವ ನೀರು ಟೈರಿನ ಗೆಣ್ಣು ಎಣಿಸುವುದಿಲ್ಲ.

ಹಾಗಾದರೆ ಆ ಹೆರಿಗೆಯ ರಾತ್ರಿಗೆ ಏನು ಗತಿ? ಒಂದು ಉತ್ತರ ಪ್ರತಿ ಓಣಿಯಲ್ಲೂ ನಿಂತಿದೆ: ಟ್ರ್ಯಾಕ್ಟರು. ಡಾಂಬರಿನವರೆಗೆ ಅದರಲ್ಲಿ, ಮುಂದೆ ಜೀಪಿನಲ್ಲಿ. ಮಳೆಗಾಲದ ಮೋಡ ಕಟ್ಟಿದ ಸಂಜೆಯೇ ಜೀಪನ್ನು ಡಾಂಬರಿನ ಬದಿಗೆ ತಂದು ನಿಲ್ಲಿಸುವ, ತುಂಬು ಬಸುರಿಯನ್ನು ವಾರ ಮುಂಚೆಯೇ ಊರೊಳಗಿನ ನೆಂಟರ ಮನೆಗೆ ಕರೆತರುವ ಮನೆಗಳಿಗೆ ಟೈರಿನ ಚಿಂತೆ ಅರ್ಧ ಕಡಿಮೆ. ಇನ್ನೊಂದು ಉತ್ತರ ಗರಸು. ಐದು ಎಂ.ಟಿ. ಟೈರಿಗೆ ಸುರಿಯುವ ದುಡ್ಡಿನಲ್ಲಿ ಒಂದು ಪಾಲು ಉಳಿಸಿ, ಬದುವಿನ ನೆರೆಹೊರೆಯವರನ್ನೂ ಕೂಡಿಸಿಕೊಂಡು, ಹಾದಿಯ ತೀರ ಕೆಟ್ಟ ಜಾಗಕ್ಕೆ ಬೇಸಿಗೆಯಲ್ಲೇ ಗರಸು ಹಾಕಿಸಿ ಬದಿಗೆ ನೀರು ಹರಿಯಲು ಗಟಾರು ತೋಡಿಸಿದರೆ, ಅದು ಜೀಪಿಗಷ್ಟೇ ಅಲ್ಲ, ಶಾಲೆಗೆ ಹೋಗುವ ಮಕ್ಕಳಿಗೂ ಎಮ್ಮೆಯ ಹಾಲು ಒಯ್ಯುವ ಸೈಕಲ್ಲಿಗೂ ದಕ್ಕುತ್ತದೆ. ಟೈರು ಕೆಲವು ವರ್ಷಕ್ಕೆ ಸವೆಯುತ್ತದೆ. ವರ್ಷಕ್ಕೊಮ್ಮೆ ನಾಲ್ಕು ಬುಟ್ಟಿ ಹಾಕುತ್ತಿದ್ದರೆ ಹಾದಿ ಉಳಿಯುತ್ತದೆ.

ಹುಣ್ಣಿಮೆ ಮುಗಿಸಿ ಗುಡ್ಡದಿಂದ ಮರಳುವ ಚಕ್ಕಡಿಗಳು ಯರಗಟ್ಟಿಯ ಕೂಡುರಸ್ತೆ ದಾಟುವ ಹೊತ್ತಿಗೆ ಎರಿ ಒಣಗಿ ಗಟ್ಟಿಯಾಗಿರುತ್ತದೆ, ಬಿಳಿಜೋಳ ಹಾಲುಗಾಳಿನ ಹದ ದಾಟಿರುತ್ತದೆ. ಎತ್ತುಗಳು ತಮ್ಮ ಊರಿನ ಹಾದಿ ಬಂದಲ್ಲಿ ಹೇಳಿಸಿಕೊಳ್ಳದೆಯೇ ಡಾಂಬರು ಬಿಟ್ಟು ಕೆಳಗಿಳಿಯುತ್ತವೆ. ಅದೇ ಹಾದಿ ತೊಯ್ದಿದ್ದರೆ ಅವು ಅಂಚಿನಲ್ಲೇ ನಿಂತು ಬಾರುಕೋಲಿಗೂ ಜಗ್ಗದೆ ತಲೆ ಅಲ್ಲಾಡಿಸುತ್ತವೆ. ಜೀಪಿಗೆ ಆ ಬುದ್ಧಿ ಯಾವ ಟೈರಿನೊಂದಿಗೂ ಬರುವುದಿಲ್ಲ. ಅದು ಸ್ಟಿಯರಿಂಗು ಹಿಡಿದವನಲ್ಲೇ ಇರಬೇಕು.